ಹಾಸನದ ಪುಸ್ತಕದಂಗಡಿಯೊಂದರ ‘ಮೊದಲ ಪುಸ್ತಕ’ ಕಪಾಟು: ಓದುಗರಿಗೂ ಬರೆಯುವವರಿಗೂ ಒಂದು ವಿಮರ್ಶೆ

ಹಾಸನದ ಪೇಟೆಯಲ್ಲಿರುವ ಈ ಅಂಗಡಿಯ ಮುಕ್ಕಾಲು ಭಾಗ ಶಾಲೆ ಗೈಡು, ಪಿಡಿಒ-ಎಫ್‌ಡಿಎ ಪರೀಕ್ಷೆಯ ಪುಸ್ತಕ, ನೋಟ್‌ಬುಕ್ಕು, ಪೆನ್ನುಗಳದ್ದೇ. ಹಣ ಬರುವುದೂ ಅಲ್ಲಿಂದಲೇ. ಆದರೆ ಒಳಗೆ ಕಾಲಿಟ್ಟ ಕೂಡಲೇ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಐದು ಅಂತಸ್ತಿನ ಮರದ ಕಪಾಟೊಂದು ನಿಂತಿದೆ. ಅದರಲ್ಲಿರುವುದು ಮೊದಲ ಸಲ ಪುಸ್ತಕ ತಂದವರ ಕೃತಿಗಳು ಮಾತ್ರ. ಇಡೀ ಅಂಗಡಿಯಲ್ಲಿ ಅತಿ ಹೆಚ್ಚು ಕಣ್ಣಿಗೆ ಬೀಳುವ ಜಾಗವನ್ನು ಅತಿ ಕಡಿಮೆ ಹೆಸರು ಕೇಳಿರುವ ಲೇಖಕರಿಗೆ ಬಿಟ್ಟುಕೊಡುವುದು ವ್ಯಾಪಾರದ ಲೆಕ್ಕದಲ್ಲಿ ದೊಡ್ಡ ಮನಸ್ಸಿನ ಕೆಲಸ. ಅದನ್ನು ಅಚ್ಚುಕಟ್ಟಾಗಿಯೂ ಮಾಡಿದ್ದಾರೆ. ಸರಿಪಡಿಸಬೇಕಾದ್ದೂ ಇದೆ, ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಜೋಡಿಸಿರುವ ಬಗೆ ನೋಡಿ. ಇಲ್ಲಿ ಪುಸ್ತಕದ ಬೆನ್ನಲ್ಲ, ಮುಖಪುಟ ಕಾಣುತ್ತದೆ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಎಂಬತ್ತು ಪುಟದ ಕವನ ಸಂಕಲನ ಎಂದರೆ ನಲವತ್ತು ಹಾಳೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ ಅದರ ಬೆನ್ನು ನಾಲ್ಕು ಮಿಲಿಮೀಟರ್ ಆದರೆ ಹೆಚ್ಚು. ಅಷ್ಟರಲ್ಲಿ ಹೆಸರು ಅಚ್ಚಾದರೂ ಓದಲು ಬರುವುದಿಲ್ಲ. ಪಿನ್ ಹೊಡೆದ ಪುಸ್ತಕಕ್ಕೆ ಬೆನ್ನೇ ಇರುವುದಿಲ್ಲ. ಎರಡು ದಪ್ಪ ಕಾದಂಬರಿಗಳ ನಡುವೆ ಸಿಕ್ಕಿಕೊಂಡರೆ ಅಂಥ ಪುಸ್ತಕ ಅಂಗಡಿಯಲ್ಲಿದ್ದೂ ಇಲ್ಲದ ಹಾಗೆ. ಮುಖಪುಟ ತೋರಿಸಿ ಇಟ್ಟರೆ ಜಾಗ ಬೇಗ ಮುಗಿಯುತ್ತದೆ ಎನ್ನುವುದು ನಿಜ. ಡೆಮಿ ಅಷ್ಟಪತ್ರ ಎಂಬ ಸಾಮಾನ್ಯ ಅಳತೆಯ ಪುಸ್ತಕದ ಅಗಲ ಐದೂವರೆ ಇಂಚು, ಮೂರು ಅಡಿಯ ಹಲಗೆಯಲ್ಲಿ ಆರು ಕೂರುತ್ತವೆ. ಐದು ಹಲಗೆಗೆ ಮೂವತ್ತು ಪುಸ್ತಕ. ಅದಕ್ಕೇ ಒಂದೊಂದು ಪುಸ್ತಕಕ್ಕೆ ಮೂರು ತಿಂಗಳ ಅವಧಿ ಇಟ್ಟಿದ್ದಾರೆ. ಇದು ಸರಿಯಾದ ಅಳತೆ. ಒಂದೇ ತಿಂಗಳಾದರೆ ಸಂಬಳದ ವಾರದಲ್ಲಿ ಬಂದವರು ನೋಡಿ, ಮುಂದಿನ ಸಲ ಕೊಳ್ಳೋಣ ಎನ್ನುವಷ್ಟರಲ್ಲಿ ಪುಸ್ತಕ ಎದ್ದುಹೋಗಿರುತ್ತದೆ. ಆರು ತಿಂಗಳಾದರೆ ಹೊಸಬರ ಸರದಿ ಬರುವುದೇ ಇಲ್ಲ.

ಎರಡನೆಯದು, ಪುಸ್ತಕದ ಕೆಳಗೆ ಸಿಕ್ಕಿಸಿರುವ ಕಾರ್ಡು. ಅಂಗೈಯಗಲದ ದಪ್ಪ ಕಾಗದ, ಕೈಬರಹ, ನಾಲ್ಕು ಸಾಲು. ಪುಸ್ತಕ ಏನು, ಎಲ್ಲಿಯದು, ಯಾರಿಗೆ ಹಿಡಿಸಬಹುದು, ಯಾವ ಪುಟದಿಂದ ಓದಿ ನೋಡಬೇಕು. ಒಂದು ಕಾರ್ಡಿನಲ್ಲಿ ಇದ್ದದ್ದು ಇಷ್ಟು: “ಒಂಬತ್ತು ಕಥೆ. ಮಲೆನಾಡ ಲೈನ್‌ಮನೆಯ ಬದುಕು, ಹೆಚ್ಚಿನವು ಹೆಂಗಸರ ಬಾಯಲ್ಲಿ. ನಿಧಾನಕ್ಕೆ ಓದುವವರಿಗೆ. ಪುಟ 41ರಿಂದ ಶುರು ಮಾಡಿ.” (ಲೈನ್‌ಮನೆ ಎಂದರೆ ತೋಟದ ಕಾರ್ಮಿಕರ ಸಾಲುಮನೆ.) ‘ಅದ್ಭುತ’, ‘ಭರವಸೆಯ’, ‘ಓದಲೇಬೇಕಾದ’ ಎಂಬ ಮಾತು ಒಂದೂ ಇಲ್ಲ. ಆ ಕೊನೆಯ ಸಾಲೇ ಈ ಕಪಾಟಿನ ಜೀವ. ಪುಟದ ಸಂಖ್ಯೆ ಕಂಡರೆ ಕೈ ತಾನೇ ಪುಸ್ತಕ ಬಿಚ್ಚುತ್ತದೆ. ಕಾರ್ಡು ಬರೆಯುವವರು ಪುಸ್ತಕ ಪೂರ್ತಿ ಓದಿರಲೇಬೇಕು ಎನ್ನುವುದೂ ಅದರಿಂದಲೇ ಖಾತ್ರಿಯಾಗುತ್ತದೆ. ಲೇಖಕರ ಕಡೆಯವರು ಬರೆದುಕೊಟ್ಟ ಪರಿಚಯವನ್ನು ಇಲ್ಲಿ ಹಾಕುವುದಿಲ್ಲ. ಒಳ್ಳೆಯ ನಿಯಮ, ಯಾರ ಮುಲಾಜಿಗೂ ಸಡಿಲಿಸಬಾರದು.

ಪ್ರತಿ ಪುಸ್ತಕದ ಒಂದು ಪ್ರತಿ ಪ್ಲಾಸ್ಟಿಕ್ ಹೊದಿಕೆ ಇಲ್ಲದೆ ತೆರೆದಿರುತ್ತದೆ, ಪಕ್ಕದಲ್ಲಿ ಎರಡು ಸ್ಟೂಲು. ಹತ್ತು ನಿಮಿಷ ಕೂತು ಓದಿದರೂ ಯಾರೂ ಗೊಣಗುವುದಿಲ್ಲ. ಕೌಂಟರಿನಲ್ಲಿರುವ ಹುಡುಗಿ ಬಂದವರನ್ನು “ಸಾರ್, ಕಥೆ ಓದ್ತೀರೋ ಕವಿತೆನೋ?” ಎಂದು ಒಂದೇ ಮಾತು ಕೇಳಿ, ಎರಡು ಪುಸ್ತಕ ಕೈಗಿತ್ತು ತನ್ನ ಕೆಲಸಕ್ಕೆ ಹೋಗುತ್ತಾಳೆ. ಎರಡೇ ಕೊಡುವುದು ಜಾಣತನ. ಮೂವತ್ತನ್ನೂ ತೋರಿಸಿದರೆ ಜನ ಯಾವುದನ್ನೂ ಕೊಳ್ಳದೆ ಹೋಗುತ್ತಾರೆ.

ಹೆಸರು ಕೇಳದ ಲೇಖಕರ ಪುಸ್ತಕವನ್ನು ಆ ಹತ್ತು ನಿಮಿಷದಲ್ಲಿ ಅಳೆಯುವುದು ಹೇಗೆ? ಮುನ್ನುಡಿ, ಬೆನ್ನುಡಿ ಎರಡನ್ನೂ ಸದ್ಯಕ್ಕೆ ಬಿಡಿ. ಹಿರಿಯರು ಪ್ರೀತಿಯಿಂದ ಬರೆದುಕೊಟ್ಟ ಮಾತು ಅವು, ಪುಸ್ತಕ ಮುಗಿಸಿದ ಮೇಲೆ ಓದಿದರೆ ರುಚಿಸುತ್ತವೆ. ಕಥಾ ಸಂಕಲನದಲ್ಲಿ ಮೊದಲ ಕಥೆ ಮತ್ತು ಕೊನೆಯ ಕಥೆಯ ಜಾಗಕ್ಕೆ ಗಟ್ಟಿ ಕಥೆಗಳನ್ನೇ ಆರಿಸಿರುತ್ತಾರೆ. ಹಾಗಾಗಿ ಮೂರನೆಯದೋ ನಾಲ್ಕನೆಯದೋ ತೆಗೆದು ಎರಡು ಪುಟ ಓದಿ. ಅಲ್ಲಿಯೂ ಭಾಷೆ ಹಿಡಿದಿಟ್ಟರೆ ಧೈರ್ಯವಾಗಿ ಕೊಳ್ಳಬಹುದು. ಸಂಭಾಷಣೆಗೆ ಕಿವಿಗೊಡಿ. ಸಕಲೇಶಪುರದ ತೋಟದ ಆಳು, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ, ಬೆಂಗಳೂರಿನ ಬ್ಯಾಂಕ್ ಮ್ಯಾನೇಜರು ಮೂವರೂ ಒಂದೇ ಕನ್ನಡ ಮಾತಾಡುತ್ತಿದ್ದರೆ ಲೇಖಕರ ಕಿವಿ ಇನ್ನೂ ಪಳಗಬೇಕು ಎಂದರ್ಥ. ಕವಿತೆಯಾದರೆ ಎಲ್ಲಿಂದಲಾದರೂ ಮೂರು ತೆಗೆದು ತುಟಿ ಆಡಿಸಿ ಓದಿ. ಉಸಿರು ನಿಲ್ಲುವ ಕಡೆಯೇ ಸಾಲು ಮುರಿದಿದೆಯೇ, ಸುಮ್ಮನೆ ಗದ್ಯವನ್ನು ಕತ್ತರಿಸಿಟ್ಟಿದ್ದಾರೆಯೇ ಎನ್ನುವುದು ಬಾಯಿಗೇ ಗೊತ್ತಾಗುತ್ತದೆ. ಕಾದಂಬರಿಯಾದರೆ ಅರವತ್ತನೇ ಪುಟದ ಸುತ್ತ ನೋಡಿ. ಶುರುವಿನ ಹುಮ್ಮಸ್ಸು ಅಲ್ಲಿಗೆ ಮುಗಿದಿರುತ್ತದೆ, ಕಸುಬು ಉಳಿದಿದ್ದರೆ ಅಲ್ಲಿ ಕಾಣುತ್ತದೆ.

ಹಕ್ಕುಗಳ ವಿವರ ಇರುವ ಪುಟವನ್ನೂ ತಿರುವಿ ನೋಡಿ. ‘ಪುಟಗಳು: 12+148, ಪ್ರತಿಗಳು: 300, ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೋ’ ಎಂದಿದ್ದರೆ ಆ ಪುಸ್ತಕ ಮುನ್ನೂರು ಮನೆಗೆ ಹೋದರೆ ಮುಗಿಯಿತು, ನಾಳೆ ಹುಡುಕಿದರೆ ಸಿಗುವುದು ಕಷ್ಟ. ಕಥೆಗಳು ಮೊದಲು ಯಾವ ಪತ್ರಿಕೆ, ವಿಶೇಷಾಂಕಗಳಲ್ಲಿ ಬಂದಿವೆ ಎಂಬ ಪಟ್ಟಿ ಲೇಖಕರ ಮಾತಿನ ಕೊನೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಬೇರೆ ಸಂಪಾದಕರ ಕಣ್ಣು ದಾಟಿ ಬಂದವು ಎಂಬುದಕ್ಕೆ ಅದು ಸಾಕ್ಷಿ. ಅಚ್ಚಿನ ತಪ್ಪುಗಳ ಬಗ್ಗೆ ಸ್ವಲ್ಪ ತಾಳ್ಮೆ ಇರಲಿ. ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವೊತ್ತು ಜಾರುವುದುಂಟು. ಆದರೆ ಒಂದೇ ಪಾತ್ರದ ಹೆಸರು ಎರಡು ಬಗೆಯಲ್ಲಿದ್ದರೆ ಅದು ಯಂತ್ರದ ತಪ್ಪಲ್ಲ, ಯಾರೂ ಕೂತು ತಿದ್ದಿಲ್ಲ.

ಬರೆಯುವವರ ಕಡೆಯಿಂದ ನೋಡಿದರೆ ಈ ಕಪಾಟಿನ ನಿಜವಾದ ಗುಣ ಇರುವುದು ಲೆಕ್ಕದಲ್ಲಿ. ಐದು ಪ್ರತಿ ಕೊಡಬೇಕು. ಅದರಲ್ಲಿ ಒಂದು ಓದಲು ಇಡುವ ಪ್ರತಿ. ಚೀಟಿ ಎರಡು ಪ್ರತಿ ಬರೆಯುತ್ತಾರೆ: ಪುಸ್ತಕದ ಹೆಸರು, ಎಷ್ಟು ಪ್ರತಿ, ಬೆಲೆ, ಕಮಿಷನ್, ವಾಪಸ್ ಪಡೆಯುವ ತಾರೀಖು, ಇಬ್ಬರ ಸಹಿ. ಅಂಗಡಿಯ ಪಾಲು ಶೇಕಡಾ 30. ಇನ್ನೂರು ರೂಪಾಯಿಯ ಪುಸ್ತಕ ಹೋದರೆ ಅರವತ್ತು ಅಂಗಡಿಗೆ, ನೂರಾ ನಲವತ್ತು ಲೇಖಕರಿಗೋ ಪ್ರಕಾಶಕರಿಗೋ. ಕೊಳ್ಳುವವರಿಗೆ ಕೊಡುವ ಶೇಕಡಾ 10 ರಿಯಾಯಿತಿ ಅಂಗಡಿಯ ಅರವತ್ತರಲ್ಲೇ ಕಳೆಯುತ್ತದೆ, ಲೇಖಕರ ತಲೆಗೆ ಬರುವುದಿಲ್ಲ. ಮಾರಾಟವಾದದ್ದರ ಹಣ ಮುಂದಿನ ತಿಂಗಳ ಹತ್ತರೊಳಗೆ ಫೋನ್‌ಪೇಯಲ್ಲಿ ಬರುತ್ತದೆ. ಕನ್ನಡದ ಚೊಚ್ಚಲ ಪುಸ್ತಕಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಬಾಯಿಮಾತಿನಲ್ಲಿ ಇಪ್ಪತ್ತು ಪ್ರತಿ ಬಿಟ್ಟುಬರುತ್ತಾರೆ, ಚೀಟಿ ಇರುವುದಿಲ್ಲ, ಗೋದಾಮು ಸೇರಿದ ಕಟ್ಟಿನ ಬಗ್ಗೆ ಕೇಳಲು ಹೊಸಬರಿಗೆ ಸಂಕೋಚ. ವರ್ಷ ಕಳೆದರೆ ಪುಸ್ತಕವೂ ಇಲ್ಲ, ಹಣವೂ ಇಲ್ಲ. ಐದೇ ಪ್ರತಿ, ಖಾಲಿಯಾದರೆ ಮತ್ತೆ ಐದು ಎಂಬ ಪದ್ಧತಿ ಇಬ್ಬರಿಗೂ ಕ್ಷೇಮ.

ಕೇಳಿದವರಿಗೆ ಒಂದು ಕರಪತ್ರವನ್ನೂ ಕೊಡುತ್ತಾರೆ, ಇನ್ನೂ ಹಸ್ತಪ್ರತಿ ಕೈಯಲ್ಲಿಟ್ಟುಕೊಂಡವರಿಗೆ ಅದು ಬಹಳ ಉಪಯೋಗ. 18ರಿಂದ 35 ವರ್ಷದೊಳಗಿನವರ ಮೊದಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಅಚ್ಚಾಗುವ ಮೊದಲೇ ಅರ್ಜಿ ಹಾಕಬೇಕು. ಕಥಾ ಸಂಕಲನ ಇನ್ನೂ ಬಂದಿಲ್ಲದವರ ಹಸ್ತಪ್ರತಿಗೆ ಛಂದ ಪುಸ್ತಕ ಪ್ರಕಾಶನದ ಬಹುಮಾನವಿದೆ, ಗೆದ್ದ ಸಂಕಲನವನ್ನು ಅವರೇ ಪ್ರಕಟಿಸುತ್ತಾರೆ. ಪುಸ್ತಕ ಬಂದ ಮೇಲೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆಂದೇ ಒಂದು ವಿಭಾಗವಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 2011ರಿಂದ ನಡೆಯುತ್ತಿದೆ, ಅದಕ್ಕೂ ವಯಸ್ಸಿನ ಮಿತಿ 35. ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ) ಸಂಖ್ಯೆಗೆ ಸರ್ಕಾರ ಹಣ ಪಡೆಯುವುದಿಲ್ಲ ಎಂಬ ಮಾತನ್ನು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಅದಕ್ಕಾಗಿ ಸಾವಿರಾರು ರೂಪಾಯಿ ಕೇಳುವವರಿಗೆ ಹೊಸಬರು ಸುಮ್ಮನೆ ಕೊಟ್ಟುಬಿಡುತ್ತಾರೆ.

ಇನ್ನು ಕುಂದುಗಳು. ಕಪಾಟು ಪಶ್ಚಿಮದ ಬಾಗಿಲಿಗೆ ಮುಖ ಮಾಡಿದೆ. ಮಧ್ಯಾಹ್ನ ಮೂರರ ಮೇಲೆ ಕೆಳಗಿನ ಎರಡು ಹಲಗೆಗೆ ನೇರ ಬಿಸಿಲು. ಮುಖಪುಟದ ಕೆಂಪು, ಹಳದಿ ಬಣ್ಣಗಳೇ ಮೊದಲು ಮಾಸುವುದು. ಮೂರು ತಿಂಗಳು ನಿಂತ ಪುಸ್ತಕ ನೀಲಿಗಟ್ಟಿ ಹಳೆಯದರಂತೆ ಕಾಣುತ್ತದೆ, ಅದನ್ನು ವಾಪಸ್ ಪಡೆದ ಲೇಖಕರು ಬೇರೆ ಕಡೆ ಮಾರಲು ಆಗುವುದಿಲ್ಲ. ಬಾಗಿಲಿಗೆ ಒಂದು ಪರದೆ ಸಾಕು, ಅಥವಾ ಓದುವ ಪ್ರತಿಯನ್ನು ಮುಂದಿಟ್ಟು ಮಾರುವ ಪ್ರತಿಗಳನ್ನು ಹಿಂದಿಡಲಿ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಹೊರಗಡೆ ಮಾತ್ರ ಲ್ಯಾಮಿನೇಷನ್ ಆದ ರಕ್ಷಾಪುಟದ ಒಳಮೈ ಥಂಡಿ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಪುಟ ಹೊರಕ್ಕೆ ಸುರುಳಿಯಾಗುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಅಡ್ಡ ಮಲಗಿಸಿ ಮೇಲೊಂದು ಭಾರ ಇಟ್ಟರೆ ಬಹುಪಾಲು ನೆಟ್ಟಗಾಗುತ್ತದೆ. ಬರೀ ಗೋಂದಿನ ಬೈಂಡಿಂಗ್ ಆದ ಓದುವ ಪ್ರತಿಗಳು ನಡುವೆ ಬಿರಿದಿವೆ. ಖರ್ಚು ಸ್ವಲ್ಪ ಹೆಚ್ಚಾದರೂ ಹೊಲಿಗೆ ಹಾಕಿಸುವುದು ಒಳ್ಳೆಯದು ಎಂದು ಲೇಖಕರಿಗೂ ಹೇಳಬೇಕು.

ಅದಕ್ಕಿಂತ ದೊಡ್ಡ ಕೊರತೆ ಆಯ್ಕೆಯಲ್ಲಿದೆ. ಕವನ ಸಂಕಲನಗಳೇ ಅರ್ಧಕ್ಕಿಂತ ಹೆಚ್ಚು. ಕೃಷಿ, ಪರಿಸರ, ವಿಜ್ಞಾನ, ಅನುವಾದ ಬರೆದ ಹೊಸಬರು ಒಬ್ಬಿಬ್ಬರು. ಮಕ್ಕಳ ಪುಸ್ತಕ ಒಂದೂ ಕಾಣಲಿಲ್ಲ. ಜೊತೆಗೆ, ಊರಿನಲ್ಲೇ ಬಿಡುಗಡೆ ಸಮಾರಂಭ ಮಾಡಿಸಿಕೊಂಡವರ ಪುಸ್ತಕ ಸಲೀಸಾಗಿ ಒಳಗೆ ಬರುತ್ತದೆ. ರಾಯಚೂರಿನಿಂದಲೋ ಕಾರವಾರದಿಂದಲೋ ಅಂಚೆಯಲ್ಲಿ ಕಳಿಸಿದವರದ್ದು ಕಾಯುತ್ತದೆ. ಬಿಡುಗಡೆಯ ದಿನ ನೆಂಟರು, ಸಹೋದ್ಯೋಗಿಗಳು ಐವತ್ತು ಪ್ರತಿ ಕೊಂಡಿರುತ್ತಾರೆ. ಕಪಾಟು ಬೇಕಾಗಿರುವುದು ಅಂಥ ಬಳಗ ಇಲ್ಲದವರಿಗೆ. ಮೂವತ್ತರಲ್ಲಿ ಹತ್ತು ಜಾಗ ಜಿಲ್ಲೆಯವರಿಗೆ, ಹತ್ತು ಹೊರಗಿನವರಿಗೆ, ಹತ್ತು ಕಥೆ-ಕವಿತೆ ಅಲ್ಲದ್ದಕ್ಕೆ ಎಂದು ಮೀಸಲಿಟ್ಟರೆ ಇದು ಬಗೆಹರಿಯುತ್ತದೆ. ಹಾಸನದಲ್ಲೇ ಇದ್ದು ಬರೆದ ಬಾನು ಮುಷ್ತಾಕ್ ಅವರ ಮೊದಲ ಕಥಾಸಂಕಲನ ಬಂದದ್ದು 1990ರಲ್ಲಿ, ಇಂಟರ್‌ನ್ಯಾಷನಲ್ ಬೂಕರ್ ಬಂದದ್ದು 2025ರಲ್ಲಿ. ಮೊದಲ ಪುಸ್ತಕ ಕಂಡಾಗಲೇ ಕೊಂಡು ಓದುವವರು ಊರೂರಿನಲ್ಲೂ ಬೇಕು.

ಅಂಗಡಿಯ ವಾಟ್ಸಾಪ್ ಪಟ್ಟಿಯನ್ನು ನಂಬಿ ಹೊರಡಬೇಡಿ, ಖಾಲಿಯಾದ ಪುಸ್ತಕ ಅದರಲ್ಲಿ ವಾರಗಟ್ಟಲೆ ಉಳಿದಿರುತ್ತದೆ. ಫೋನ್ ಮಾಡಿ ಕೇಳಿ, ತೆಗೆದಿಟ್ಟಿರುತ್ತಾರೆ. ಬೇಲೂರು, ಆಲೂರು, ಚಿಕ್ಕಮಗಳೂರು ಕಡೆಯವರಿಗೆ ಅಂಚೆಯಲ್ಲೂ ಕಳಿಸುತ್ತಾರೆ, ಆದರೆ ಕೇಳದಿದ್ದರೆ ಕೊರಿಯರಿಗೆ ಹಾಕುತ್ತಾರೆ. 2025ರ ಮೇ ತಿಂಗಳಿಂದ ಪುಸ್ತಕಗಳಿಗೆಂದೇ ಇರುವ ಅಂಚೆ ಸೇವೆ ಜ್ಞಾನ ಪೋಸ್ಟ್‌ನಲ್ಲಿ ಮುನ್ನೂರು ಗ್ರಾಂವರೆಗೆ ಇಪ್ಪತ್ತು ರೂಪಾಯಿ, ಐದು ಕೆಜಿಗೆ ನೂರು, ತೆರಿಗೆ ಬೇರೆ. ನೂರ ಅರವತ್ತು ಪುಟದ ಒಂದು ಪುಸ್ತಕ ಕವರು ಸೇರಿ ಮುನ್ನೂರು ಗ್ರಾಂ ಒಳಗೇ ಇರುತ್ತದೆ, ಆದ್ದರಿಂದ ಅದರಲ್ಲೇ ಕಳಿಸಿ ಎಂದು ಬಾಯಿಬಿಟ್ಟು ಹೇಳಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಪೇಟೆಯೊಳಗೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಅಂಗಡಿಯಲ್ಲೂ ಕೂತು ಓದುವಷ್ಟು ಬಿಡುವಿರುವುದಿಲ್ಲ. ಹೊಸ ಪುಸ್ತಕಗಳನ್ನು ಜೋಡಿಸುವುದು ತಿಂಗಳ ಮೊದಲ ಸೋಮವಾರ. ಬುಧವಾರ, ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಸ್ಟೂಲು ಖಾಲಿ ಇರುತ್ತದೆ.