ಲೇಔಟ್ ಕೆಟ್ಟಾಗ ನಾನು ತೆರೆಯುವುದು ಫೈರ್‌ಫಾಕ್ಸ್

ಮೊದಲೇ ಹೇಳಿಬಿಡುತ್ತೇನೆ, ದಿನಾ ಬ್ರೌಸ್ ಮಾಡಲು ಫೈರ್‌ಫಾಕ್ಸ್ ಹಾಕಿಕೊಳ್ಳಿ ಅಂತ ಇಲ್ಲಿ ಒತ್ತಾಯ ಮಾಡುತ್ತಿಲ್ಲ. ಕ್ರೋಮ್ ಬಳಸಿ, ಎಡ್ಜ್ ಬಳಸಿ, ನಿಮ್ಮಿಷ್ಟ. ಆದರೆ ನೀವು ಬರೆದ ಪುಟ ಒಂದು ಬ್ರೌಸರ್‌ನಲ್ಲಿ ನೆಟ್ಟಗಿದ್ದು ಇನ್ನೊಂದರಲ್ಲಿ ಅಡ್ಡಾದಿಡ್ಡಿ ಕಂಡಾಗ, ಯಾಕೆ ಹೀಗಾಯಿತು ಅಂತ ಹುಡುಕಲು ಫೈರ್‌ಫಾಕ್ಸ್‌ನ ಡೆವಲಪರ್ ಟೂಲ್ಸ್‌ನಷ್ಟು (ಪುಟದ ಒಳಗಿನ ಕೋಡ್ ತೆರೆದು ತೋರಿಸುವ ಸಲಕರಣೆಗಳು) ಕೆಲಸಕ್ಕೆ ಬರುವುದು ನನಗೆ ಬೇರೊಂದು ಸಿಕ್ಕಿಲ್ಲ. ದುಡ್ಡು ಕೊಡಬೇಕಿಲ್ಲ. ಡೆವಲಪರ್ ಎಡಿಷನ್ ಅಂತ ಬೇರೆಯಾಗಿ ಇಳಿಸಿಕೊಳ್ಳಲೂ ಬೇಕಿಲ್ಲ, ಮಾಮೂಲಿ ಫೈರ್‌ಫಾಕ್ಸ್‌ನಲ್ಲಿ ಎಫ್12 ಒತ್ತಿದರೆ ಸಾಕು.

ಪುಟದ ಅಂದ, ಅಳತೆ, ಜೋಡಣೆ ಹೇಳುವ ಭಾಷೆ ಸಿಎಸ್‌ಎಸ್. ಅದರ ದೊಡ್ಡ ತಲೆನೋವು ಏನು ಹೇಳಿ? ಜಾವಾಸ್ಕ್ರಿಪ್ಟ್ ತಪ್ಪಾದರೆ ದೋಷ ತೋರಿಸುವ ಕನ್ಸೋಲ್‌ನಲ್ಲಿ ಕೆಂಪಗೆ ಕೂಗುತ್ತದೆ. ಸಿಎಸ್‌ಎಸ್ ಬಾಯೇ ಬಿಡುವುದಿಲ್ಲ. ಅರ್ಥವಾಗದ ಸಾಲು ಸಿಕ್ಕರೆ ಸುಮ್ನೆ ದಾಟಿ ಮುಂದೆ ಹೋಗುತ್ತದೆ. ಇದಕ್ಕಿಂತ ಕಷ್ಟದ್ದು ಇನ್ನೊಂದು ಬಗೆ: ಸಾಲು ಸರಿಯಾಗೇ ಇದೆ, ಬ್ರೌಸರ್‌ಗೆ ಅರ್ಥವೂ ಆಗಿದೆ, ಆದರೆ ಏನೂ ಪರಿಣಾಮ ಇಲ್ಲ. ಸಾಲಿನೊಳಗಿನ ಸ್ಪ್ಯಾನ್‌ಗೆ ವಿಡ್ತ್ (ಅಗಲ) ಕೊಟ್ಟಿರುತ್ತೀರಿ, ಮಾಮೂಲಿ ಡಿವ್‌ಗೆ ಅಲೈನ್-ಐಟಮ್ಸ್ ಬರೆದಿರುತ್ತೀರಿ, ಪೊಸಿಷನ್ ಸ್ಟ್ಯಾಟಿಕ್ ಇರುವ ಕಡೆ ಟಾಪ್ ಹಾಕಿ ಅದು ಯಾಕೆ ಜರುಗುತ್ತಿಲ್ಲ ಅಂತ ಕೂತಿರುತ್ತೀರಿ. 2019ರ ಅಕ್ಟೋಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 70ರಿಂದ ಇಂಥ ಸಾಲುಗಳು ಇನ್‌ಸ್ಪೆಕ್ಟರ್‌ನಲ್ಲಿ (ಟೂಲ್ಸ್‌ನಲ್ಲಿ ಪುಟದ ಎಚ್‌ಟಿಎಂಎಲ್, ಸಿಎಸ್‌ಎಸ್ ತೋರಿಸುವ ಭಾಗ) ಮಂಕಾಗಿ ಕಾಣುತ್ತವೆ, ಪಕ್ಕದಲ್ಲೊಂದು ಸಣ್ಣ ಗುರುತು ಇರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಯಾಕೆ ಕೆಲಸ ಮಾಡುತ್ತಿಲ್ಲ, ಏನು ಬದಲಿಸಿದರೆ ಮಾಡುತ್ತದೆ ಅಂತ ಎರಡು ವಾಕ್ಯದಲ್ಲಿ ಹೇಳುತ್ತದೆ. ಕ್ರೋಮ್‌ಗೂ ಇದು ಆಮೇಲೆ ಬಂತು, ಒಳ್ಳೆಯದೇ. ಆದರೂ ಇಂಥ ಹೊತ್ತಿನಲ್ಲಿ ನನ್ನ ಕೈ ಮೊದಲು ಹೋಗುವುದು ಫೈರ್‌ಫಾಕ್ಸ್ ಕಡೆಗೇ.

ನನಗೆ ತುಂಬಾ ಇಷ್ಟವಾದದ್ದು ಫ್ಲೆಕ್ಸ್‌ಬಾಕ್ಸ್ (ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಸಿಎಸ್‌ಎಸ್ ವಿಧಾನ, ಚಿಕ್ಕದಾಗಿ ಫ್ಲೆಕ್ಸ್) ಪ್ಯಾನೆಲ್, ಇದು 2019ರ ಜನವರಿಯಲ್ಲಿ, 65ನೇ ಆವೃತ್ತಿಯಲ್ಲಿ ಬಂದದ್ದು. ಫ್ಲೆಕ್ಸ್ ಒಳಗಿರುವ ಒಂದು ಪೆಟ್ಟಿಗೆ ಆರಿಸಿದರೆ ಅದರ ಮೂಲ ಅಗಲ ಎಷ್ಟು, ಎಷ್ಟು ಕುಗ್ಗಬೇಕಿತ್ತು, ಯಾವ ಕನಿಷ್ಠ ಅಳತೆ ಅದನ್ನು ತಡೆಯಿತು, ಕೊನೆಗೆ ಎಷ್ಟಾಯಿತು ಅಂತ ಲೆಕ್ಕ ಬಿಡಿಸಿ ತೋರಿಸುತ್ತದೆ. ಉದ್ದನೆಯ ಇಮೇಲ್ ವಿಳಾಸವೋ ಲಿಂಕೋ ಇರುವ ಕಾರ್ಡ್ ಮೊಬೈಲ್‌ನಲ್ಲಿ ಪರದೆಯಾಚೆ ಹೋಗುತ್ತದಲ್ವಾ, ಅದರ ಕಾರಣ ಇಲ್ಲೇ ಸಿಗುತ್ತದೆ: ಫ್ಲೆಕ್ಸ್ ಐಟಮ್‌ನ ಮಿನ್-ವಿಡ್ತ್ (ಕನಿಷ್ಠ ಅಗಲ) ತಾನಾಗಿಯೇ ಆಟೋ ಇರುತ್ತದೆ, ಹಾಗಾಗಿ ಒಳಗಿನ ಉದ್ದ ಪದಕ್ಕಿಂತ ಅದು ಸಣ್ಣದಾಗುವುದಿಲ್ಲ. ಮಿನ್-ವಿಡ್ತ್ 0 ಮಾಡಿ, ಓವರ್‌ಫ್ಲೋ-ರ‍್ಯಾಪ್ ಎನಿವೇರ್ ಕೊಡಿ (ಉದ್ದ ಪದವನ್ನು ಎಲ್ಲಿ ಬೇಕಾದರೂ ಮುರಿಯಬಹುದು ಅಂತ), ಮುಗಿಯಿತು. ಇದು ಬ್ರೌಸರ್ ದೋಷ ಅಂತ ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ! ಪುಟದಲ್ಲಿ ಅಡ್ಡ ಸ್ಕ್ರಾಲ್ ಬಂದರೆ ಇನ್ನೂ ಸುಲಭ, ಇನ್‌ಸ್ಪೆಕ್ಟರ್‌ನ ಎಚ್‌ಟಿಎಂಎಲ್ ಮರದಲ್ಲಿ (ಪುಟದ ಎಲಿಮೆಂಟ್‌ಗಳು, ಅಂದರೆ ತುಣುಕುಗಳು, ಒಂದರೊಳಗೊಂದು ಕಾಣುವ ಪಟ್ಟಿ) ಸ್ಕ್ರಾಲ್ ಅನ್ನುವ ಬ್ಯಾಡ್ಜ್ ಇರುತ್ತದೆ, ಒತ್ತಿದರೆ ಯಾವ ಎಲಿಮೆಂಟ್ ಹೊರಗೆ ಚಾಚಿದೆ ಅಂತ ತೋರಿಸುತ್ತದೆ.

ಕನ್ನಡ ಸೈಟ್ ಮಾಡುವವರಿಗೆ ಫಾಂಟ್ಸ್ ಪ್ಯಾನೆಲ್ ಒಂದೇ ಸಾಕು, ಇದನ್ನು ಇನ್‌ಸ್ಟಾಲ್ ಮಾಡಿಕೊಳ್ಳಲು. ಫಾಂಟ್-ಫ್ಯಾಮಿಲಿಯಲ್ಲಿ ರೋಬೋಟೋ ಅಂತ ಬರೆದಿರುತ್ತೀರಿ, ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಆಗ ಬ್ರೌಸರ್ ಸಿಸ್ಟಂನಲ್ಲಿ ಸಿಕ್ಕಿದ ಫಾಂಟ್ ಎತ್ತಿಕೊಳ್ಳುತ್ತದೆ, ವಿಂಡೋಸ್‌ನಲ್ಲಿ ನಿರ್ಮಲ ಯುಐ ಅಥವಾ ತುಂಗಾ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ. ಒಂದೊಂದರ ಎತ್ತರ ಒಂದೊಂದು ಥರ. ಲೈನ್-ಹೈಟ್ (ಸಾಲಿನ ಎತ್ತರ) ಕೊಡದೆ ಬಿಟ್ಟರೆ ಬಟನ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಕಮ್ಮಿ ಕೊಟ್ಟು ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಹಾಕಿದರೆ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗುತ್ತದೆ. ಇಂಗ್ಲಿಷ್‌ಗೆ ಅಂತ ಮಾಡಿದ ಥೀಮ್‌ಗಳಲ್ಲಿ ಇದು ಮಾಮೂಲು, ಅದರಲ್ಲೂ ಮೆನು ಮತ್ತು ಕಾರ್ಡ್ ಶೀರ್ಷಿಕೆಗಳಲ್ಲಿ. ಫೈರ್‌ಫಾಕ್ಸ್ ನಿಜವಾಗಿ ಯಾವ ಫಾಂಟ್ ಬಳಕೆಯಾಗಿದೆ ಅಂತ ಹೆಸರು ಹೇಳುತ್ತದೆ, ಆ ಹೆಸರಿನ ಮೇಲೆ ಮೌಸ್ ಇಟ್ಟರೆ ಪುಟದಲ್ಲಿ ಅದರಲ್ಲಿ ಮೂಡಿದ ಅಕ್ಷರಗಳಷ್ಟೇ ಎದ್ದು ಕಾಣುತ್ತವೆ. ಪರಿಹಾರವೂ ಕಷ್ಟದ್ದಲ್ಲ: ಒಂದು ಕನ್ನಡ ವೆಬ್‌ಫಾಂಟ್ ನೀವೇ ಕೊಡಿ, ನೋಟೋ ಸ್ಯಾನ್ಸ್ ಕನ್ನಡವೋ ಬಾಲೂ ತಮ್ಮವೋ, ಲೈನ್-ಹೈಟ್ 1.6ರ ಆಸುಪಾಸು ಇಡಿ, ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಬೇಡಿ.

ಕಂಪ್ಯಾಟಿಬಿಲಿಟಿ ಅಂತ ಒಂದು ಪ್ಯಾನೆಲ್ ಇದೆ, ಈ ಎಲಿಮೆಂಟ್‌ಗೆ ಬರೆದ ಯಾವ ಪ್ರಾಪರ್ಟಿ (ಸಿಎಸ್‌ಎಸ್ ಗುಣ) ಯಾವ ಬ್ರೌಸರ್‌ನಲ್ಲಿ ಇಲ್ಲ ಅಂತ ಪಟ್ಟಿ ಕೊಡುತ್ತದೆ. ವೆಬ್ ತಂತ್ರಜ್ಞಾನಗಳ ದಾಖಲೆ ತಾಣವಾದ ಎಂಡಿಎನ್‌ನ ಮಾಹಿತಿಯನ್ನೇ ಬಳಸುತ್ತದೆ. ಪರವಾಗಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ. ಪ್ರಾಪರ್ಟಿ ಇದೆಯೋ ಇಲ್ಲವೋ ಅನ್ನುವುದು ಅರ್ಧ ಕಥೆ. ಪೆಟ್ಟಿಗೆಗಳ ನಡುವೆ ಜಾಗ ಬಿಡುವ ಗ್ಯಾಪ್ ನೋಡಿ. ಫ್ಲೆಕ್ಸ್‌ನಲ್ಲಿ ಅದು ಫೈರ್‌ಫಾಕ್ಸ್‌ಗೆ 2018ರಲ್ಲಿ, ಕ್ರೋಮ್‌ಗೆ 2020ರಲ್ಲಿ, ಆಪಲ್‌ನ ಸಫಾರಿಗೆ 2021ರಲ್ಲಿ ಬಂತು. ಐಒಎಸ್ 12ಕ್ಕೇ ನಿಂತುಹೋದ ಐಫೋನ್ 6ನಲ್ಲಿ ಗ್ರಿಡ್‌ಗೆ (ಅಡ್ಡ-ಉದ್ದ ಸಾಲುಗಳ ಚೌಕಳಿ ಜೋಡಣೆ) ಗ್ಯಾಪ್ ಇದೆ, ಫ್ಲೆಕ್ಸ್‌ಗೆ ಇಲ್ಲ. ಅಲ್ಲಿ ಅಟ್-ಸಪೋರ್ಟ್ಸ್ ಹಾಕಿ ಗ್ಯಾಪ್ ಗೊತ್ತಾ ಅಂತ ಕೇಳಿದರೆ ಗೊತ್ತು ಅನ್ನುತ್ತದೆ, ಪರದೆಯಲ್ಲಿ ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಳೇ ಫೋನ್‌ಗಳನ್ನೂ ನೋಡಿಕೊಳ್ಳಬೇಕಿದ್ದರೆ ಪೆಟ್ಟಿಗೆಯ ಸುತ್ತ ಜಾಗ ಬಿಡುವ ಮಾರ್ಜಿನ್ನೇ ಗತಿ.

ಇನ್ನು ಕೊರತೆ. ಸಫಾರಿ ವಿಷಯಕ್ಕೆ ಬಂದರೆ ಫೈರ್‌ಫಾಕ್ಸ್ ನಿಮ್ಮ ಕೈ ಹಿಡಿಯುವುದಿಲ್ಲ. ರೆಸ್ಪಾನ್ಸಿವ್ ಡಿಸೈನ್ ಮೋಡ್‌ನಲ್ಲಿ ಐಫೋನ್ ಆರಿಸಿದರೆ ಪರದೆಯ ಅಳತೆ, ಟಚ್, ಬ್ರೌಸರ್‌ನ ಹೆಸರು ಬದಲಾಗುತ್ತದೆ ಅಷ್ಟೇ, ಒಳಗೆ ಓಡುವುದು ಫೈರ್‌ಫಾಕ್ಸ್‌ನದೇ ಗೆಕ್ಕೋ ಎಂಜಿನ್ (ಕೋಡ್ ಓದಿ ಪುಟ ಬಿಡಿಸುವ ಭಾಗ). ಐಫೋನ್‌ನಲ್ಲಿರುವುದು ಸಫಾರಿಯ ಎಂಜಿನ್ ವೆಬ್‌ಕಿಟ್. ಎಲ್ಲ ಬ್ರೌಸರ್‌ಗಳೂ ಅದನ್ನೇ ಬಳಸಬೇಕು ಅನ್ನುವ ಆಪಲ್ ನಿಯಮದಿಂದ ಅಲ್ಲಿನ ಕ್ರೋಮ್ ಕೂಡ ಒಳಗೆ ವೆಬ್‌ಕಿಟ್ಟೇ, 2024ರಲ್ಲಿ ಈ ನಿಯಮ ಸಡಿಲವಾಗಿದ್ದು ಯುರೋಪಿಯನ್ ಒಕ್ಕೂಟದಲ್ಲಿ. ಹಾಗಾಗಿ 100ವಿಎಚ್ (ಪರದೆಯ ಪೂರ್ತಿ ಎತ್ತರ) ಕೊಟ್ಟ ಪುಟದ ಕೆಳಗಿನ ಬಟನ್ ಅಡ್ರೆಸ್ ಬಾರ್ ಹಿಂದೆ ಮರೆಯಾಗುವುದು, 16 ಪಿಕ್ಸೆಲ್‌ಗಿಂತ ಸಣ್ಣ ಅಕ್ಷರದ ಇನ್‌ಪುಟ್ ಮುಟ್ಟಿದ ಕೂಡಲೇ ಪುಟ ಜೂಮ್ ಆಗುವುದು, ಇವೆಲ್ಲ ಇಲ್ಲಿ ಕಾಣುವುದೇ ಇಲ್ಲ. ಮೊದಲನೆಯದಕ್ಕೆ ಅಡ್ರೆಸ್ ಬಾರ್ ಬಂದುಹೋದಂತೆ ಬದಲಾಗುವ ಡಿವಿಎಚ್ ಅಳತೆ ಬಳಸಿ, 2022ರ ಕೊನೆಗೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರರ ಎಂಜಿನ್‌ಗಳಿಗೂ ಬಂದಿದೆ. ಅಂದ ಹಾಗೆ ಸಫಾರಿಯನ್ನು ಬೈಯುವುದು ಈಗ ಫ್ಯಾಷನ್ ಆಗಿದೆ, ಆದರೆ ಹ್ಯಾಸ್ ಸೆಲೆಕ್ಟರ್ (ಒಳಗೆ ಏನಿದೆ ಅಂತ ನೋಡಿ ಎಲಿಮೆಂಟ್ ಆರಿಸುವ ಸಿಎಸ್‌ಎಸ್ ಸೌಲಭ್ಯ) 2022ರ ಮಾರ್ಚ್‌ನಲ್ಲೇ ಸಫಾರಿಗೆ ಬಂದಿತ್ತು. ಫೈರ್‌ಫಾಕ್ಸ್‌ಗೆ ಬರುವಾಗ 2023ರ ಡಿಸೆಂಬರ್.

ಸಫಾರಿ ತೆರೆದು ನೋಡಲು ಮ್ಯಾಕ್ ಇಲ್ಲದವರು ಪ್ಲೇರೈಟ್ ಅನ್ನುವ ಬ್ರೌಸರ್ ಪರೀಕ್ಷೆಯ ಸಾಧನ ಹಾಕಿಕೊಳ್ಳಿ, ಅದರ ಜೊತೆ ಬರುವ ವೆಬ್‌ಕಿಟ್ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಅದು ಪೂರ್ತಿ ಸಫಾರಿ ಅಲ್ಲ, ಫಾಂಟ್ ನಿಮ್ಮ ಕಂಪ್ಯೂಟರಿನದ್ದೇ, ಅಡ್ರೆಸ್ ಬಾರ್‌ನ ಆಟವೂ ಅಲ್ಲಿಲ್ಲ. ಲೇಔಟ್ ಎಲ್ಲಿ ಮುರಿಯಿತು ಅಂತ ನೋಡಲು ಮಾತ್ರ ಧಾರಾಳ ಸಾಕು. ಗಿರಾಕಿಗೆ ಕೊಡುವ ಮುಂಚೆ ಮಾತ್ರ ಯಾರದ್ದಾದರೂ ನಿಜವಾದ ಐಫೋನ್‌ನಲ್ಲಿ ಒಮ್ಮೆ ತೆರೆದು ನೋಡಿ, ಕೀಬೋರ್ಡ್ ಮೇಲೆ ಬಂದಾಗಲೂ.