ಯುರೋಪಿನ ಟೆಲಿಕಾಂ: ನೇರ ಕಾಯ್ದೆಯೋ, ನಿರ್ದೇಶನವೋ, ಸಮನ್ವಯವೋ?

ಗಡಿ ದಾಟಿದರೂ ನಿಯಮ ಬದಲಾಗಬಾರದು ಎನ್ನುವುದೇ ಮುಖ್ಯವಾದರೆ ಎಲ್ಲ ಸದಸ್ಯ ದೇಶಗಳಿಗೂ ಹಾಗೇ ಅನ್ವಯಿಸುವ ಐರೋಪ್ಯ ಒಕ್ಕೂಟದ ನೇರ ಕಾಯ್ದೆಯೇ ಸರಿ. 2007ರಲ್ಲಿ ರೋಮಿಂಗ್ ದರಕ್ಕೆ ಮಿತಿ ಹಾಕಿದ್ದು ಇಂಥದೇ ಕಾಯ್ದೆ. 2017ರ ಜೂನ್ 15ರಿಂದ ಪ್ರವಾಸಿಗರ ಸಾಮಾನ್ಯ ಬಳಕೆಗೆ ಹೆಚ್ಚುವರಿ ಶುಲ್ಕವೇ ಹೋಯಿತು. ಜನರ ಜೇಬಿಗೆ ತಲುಪಿದ ಲಾಭ ಇದು, ಹಾಗಾಗಿ ನನಗೆ ಇದರತ್ತಲೇ ಒಲವು. ಆದರೆ ಒಂದೊಂದು ದೇಶದ ಮಾರುಕಟ್ಟೆಗೆ ತಕ್ಕಂತೆ ಇದನ್ನು ಬಗ್ಗಿಸುವುದು ಕಷ್ಟ.

ಸ್ಥಳೀಯ ಪೈಪೋಟಿ, ಕೇಬಲ್ ಜಾಲದಂಥ ವಿಷಯಕ್ಕೆ ನಿರ್ದೇಶನ ಒಗ್ಗುತ್ತದೆ: ಗುರಿಯನ್ನು ಒಕ್ಕೂಟ ಹೇಳುತ್ತದೆ, ಅದಕ್ಕೆ ತಕ್ಕ ಕಾನೂನನ್ನು ಆಯಾ ದೇಶ ಮಾಡಿಕೊಳ್ಳುತ್ತದೆ. ಇದಕ್ಕೆ ತೆರಬೇಕಾದ ಬೆಲೆ ವಿಳಂಬ: ನಿರ್ದೇಶನವಾಗಿ ಬಂದ 2018ರ ಎಲೆಕ್ಟ್ರಾನಿಕ್ ಸಂವಹನ ಸಂಹಿತೆಯನ್ನು ದೇಶಗಳು ತಮ್ಮ ಕಾನೂನಿನಲ್ಲಿ 2020ರ ಡಿಸೆಂಬರ್ 21ರೊಳಗೆ ಅಳವಡಿಸಬೇಕಿತ್ತು, ಹೆಚ್ಚಿನ ದೇಶಗಳು ಗಡುವು ಮೀರಿದವು.

ಮೂರನೆಯ ದಾರಿ ಸಮನ್ವಯ. ಸದಸ್ಯ ದೇಶಗಳ ಟೆಲಿಕಾಂ ನಿಯಂತ್ರಕರ ಕೂಟ ಬೆರೆಕ್‌ನ ಮಾರ್ಗಸೂಚಿಗಳು ಹೊಸ ತಂತ್ರಜ್ಞಾನಕ್ಕೆ ಬೇಗ ಹೊಂದಿಕೊಳ್ಳುತ್ತವೆ. ಒಪ್ಪದ ದೇಶವನ್ನು ಕಟ್ಟಿಹಾಕುವ ಬಲ ಅವಕ್ಕಿಲ್ಲ.