ಕರ್ಕ್ಯುಮಿನ್ ಕ್ಯಾಪ್ಸೂಲ್: ಎರಡು ವರ್ಷ ಬಳಸಿದ ಮೇಲೆ

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಮನೆ ದಿಬ್ಬದ ಮೇಲೆ, ಅಡಿಕೆ ತೋಟ ಕೆಳಗೆ, ನಡುವೆ ಜಂಬಿಟ್ಟಿಗೆ ಕಲ್ಲಿನ ನಲವತ್ತೆರಡು ಮೆಟ್ಟಿಲು. ನನಗೆ ಐವತ್ತೆಂಟು ತುಂಬುವ ಹೊತ್ತಿಗೆ ಬಲಗಾಲಿನ ಮಂಡಿ ಹಟ ಹಿಡಿಯಿತು. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಗೋಡೆ ಹಿಡಿಯಬೇಕಿತ್ತು. ಶಿವಮೊಗ್ಗದಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಮಂಡಿ ಸವೆದಿದೆ ಎಂದರು. ವ್ಯಾಯಾಮ ಹೇಳಿಕೊಟ್ಟು ನೋವಿನ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ನನ್ನ ಹೊಟ್ಟೆಗೆ ಆಗಿಬರಲಿಲ್ಲ. ಆಗ ತಂಗಿಯ ಮಗಳು ತಂದುಕೊಟ್ಟದ್ದು ಈ ಕರ್ಕ್ಯುಮಿನ್, ಅಂದರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶದ, ಕ್ಯಾಪ್ಸೂಲ್. ಡಾಕ್ಟರನ್ನು ಕೇಳಿಯೇ ಶುರು ಮಾಡಿದೆ.

ಒಂದು ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಅರಿಶಿನದ ಸಾರ, ಅದರಲ್ಲಿ ನೂರಕ್ಕೆ 95 ಪಾಲು ಕರ್ಕ್ಯುಮಿನ್ ಜಾತಿಯ ಅಂಶಗಳು, ಜೊತೆಗೆ 5 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ. ಊಟವಾದ ಮೇಲೆ ದಿನಕ್ಕೆ ಎರಡು.

ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ. ಎರಡನೆಯ ತಿಂಗಳ ಕೊನೆಯಲ್ಲಿ ಒಂದು ದಿನ ಅಡಿಕೆ ಹಾಳೆ ಹೆಕ್ಕಲು ತೋಟಕ್ಕೆ ಇಳಿದವಳು, ಗೋಡೆ ಮುಟ್ಟಲಿಲ್ಲವಲ್ಲ ಎಂದು ಕೆಳಗೆ ತಲುಪಿದ ಮೇಲೆ ನೆನಪಿಸಿಕೊಂಡೆ. ಬೆಳಗ್ಗೆ ಅರ್ಧ ಗಂಟೆ ಹಿಡಿದಿರುತ್ತಿದ್ದ ಮಂಡಿ ಹತ್ತು ನಿಮಿಷಕ್ಕೆ ಸಡಿಲವಾಗತೊಡಗಿತು. ಇದು ವ್ಯಾಯಾಮದ ಫಲವೂ ಇರಬಹುದು ಎಂಬ ಅನುಮಾನ ನನಗಿತ್ತು. ಅದಕ್ಕಾಗಿ ದೀಪಾವಳಿಯ ನಂತರ ವ್ಯಾಯಾಮ ಬಿಡದೆ ಕ್ಯಾಪ್ಸೂಲ್ ಮಾತ್ರ ಒಂದು ತಿಂಗಳು ನಿಲ್ಲಿಸಿದೆ. ಮೂರನೆಯ ವಾರಕ್ಕೆ ಮತ್ತೆ ಗೋಡೆ ಬೇಕಾಯಿತು. ಥಾಯ್ಲೆಂಡಿನಲ್ಲಿ ಮಂಡಿ ಸವೆತದ 367 ಮಂದಿಗೆ ನಾಲ್ಕು ವಾರ ಅರಿಶಿನದ ಸಾರವನ್ನೋ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯನ್ನೋ ಕೊಟ್ಟು ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ನೋವು ಇಳಿಸುವುದರಲ್ಲಿ ಸಾರವೇನೂ ಹಿಂದೆ ಬಿದ್ದಿರಲಿಲ್ಲ. ನನ್ನ ಅನುಭವವೂ ಅದೇ. ನೋವು ಕಡಿಮೆಯಾಗಿದೆ, ಸವೆದ ಭಾಗ ಮತ್ತೆ ಬೆಳೆದಿಲ್ಲ. ಆಷಾಢದ ಜಡಿಮಳೆಯಲ್ಲಿ ಮಂಡಿ ಈಗಲೂ ನೋಯುತ್ತದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಎದೆಯುರಿ ಖಂಡಿತ.

ಒಮ್ಮೆ ಕುತೂಹಲಕ್ಕೆ ಒಂದು ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಮೂರು ಬಟ್ಟಲಿಗೆ ಹಂಚಿದೆ. ಮೊದಲನೆಯದಕ್ಕೆ ನೀರು ಹಾಕಿದೆ: ಪುಡಿ ಮೇಲೆಯೇ ತೇಲಿತು, ಚಮಚದಲ್ಲಿ ಕದಡಿದರೂ ಅಂಚಿಗೆ ಹೋಗಿ ಮೆತ್ತಿಕೊಂಡಿತೇ ಹೊರತು ಕರಗಲಿಲ್ಲ. ಎರಡನೆಯದಕ್ಕೆ ಬಿಸಿ ತುಪ್ಪ ಹಾಕಿದ ಕೂಡಲೇ ತುಪ್ಪವೆಲ್ಲ ಹೊಂಬಣ್ಣವಾಯಿತು. ಮೂರನೆಯದಕ್ಕೆ ಎಲೆ ಅಡಿಕೆಯ ತಟ್ಟೆಯಿಂದ ಚಿಟಿಕೆ ಸುಣ್ಣ ತೆಗೆದು ಸೇರಿಸಿ ನೀರು ಚಿಮುಕಿಸಿದೆ. ಮದುಮಕ್ಕಳಿಗೆ ಎತ್ತುವ ಆರತಿಯ ನೀರಿನಂತೆ ಕೆಂಪಗಾಯಿತು. ಆರತಿ ನೀರಿನ ಕೆಂಪಿಗೆ ಕಾರಣವೂ ಇದೇ ಕರ್ಕ್ಯುಮಿನ್, ಸುಣ್ಣ ತಾಗಿದರೆ ಅದರ ಬಣ್ಣ ತಿರುಗುತ್ತದೆ.

ನೀರಿನ ಬಟ್ಟಲು ನೋಡಿದ ಮೇಲೆ ಮೆಣಸು ಏಕೆಂದು ತಿಳಿಯಿತು. ಕರ್ಕ್ಯುಮಿನ್ ಮೈಗೆ ಹತ್ತುವುದು ಬಹಳ ಕಡಿಮೆ. ಹತ್ತಿದ್ದನ್ನೂ ಪಿತ್ತಜನಕಾಂಗ ಬೇಗ ಹೊರಗೆ ಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರಿತ್ತು. ನಮ್ಮತ್ತೆ ಹಸಿ ಅರಿಶಿನದ ತಂಬುಳಿ ಮಾಡುವಾಗ ಬೆರಳ ತುದಿಯಷ್ಟು ಕೊಂಬನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಹುರಿದು, ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಿದ್ದರು. ತುಪ್ಪವೂ ಇತ್ತು, ಮೆಣಸೂ ಇತ್ತು. ಇದನ್ನು ನೆನೆದಾಗಲೆಲ್ಲ ಆ ಕೈಗಳ ಬಗ್ಗೆ ಗೌರವ ಹೆಚ್ಚುತ್ತದೆ.

ಆದರೆ ಡಬ್ಬಿಯ ಮೇಲೆ ‘ನಮ್ಮ ಹಿರಿಯರು ಬಳಸಿದ್ದು’ ಎಂದು ಅಚ್ಚು ಹಾಕಿರುವುದನ್ನು ನಾನು ಒಪ್ಪುವುದಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. ಮೂರು ಗ್ರಾಂ ಹಿಡಿಯುವ ಚಮಚ ಎಂದುಕೊಂಡರೆ ಚಮಚಕ್ಕೆ 90 ಮಿಲಿಗ್ರಾಂ. ನಾನು ದಿನಕ್ಕೆ ನುಂಗುತ್ತಿದ್ದದ್ದು 950, ಅಂದರೆ ಹತ್ತು ಚಮಚಕ್ಕಿಂತ ಹೆಚ್ಚು. ಯಾವ ಅಜ್ಜಿ ಸಾರಿಗೆ ಹತ್ತು ಚಮಚ ಅರಿಶಿನ ಹಾಕಿದ್ದಳು? ಕತ್ತಿ ತಾಗಿದ ಗಾಯಕ್ಕೆ ಅರಿಶಿನ ಮೆತ್ತಿದ್ದು ಹಿರಿಯರ ಜ್ಞಾನವೇ ಸರಿ. ಅದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಆದರೆ ಹಚ್ಚುವುದು ಬೇರೆ, ನುಂಗುವುದು ಬೇರೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮನೆಯವರು. ಅವರಿಗೆ ಹೃದಯದ ತೊಂದರೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನಡೆಯುತ್ತಿದೆ. ನನ್ನ ಮಂಡಿ ಸುಧಾರಿಸಿದ್ದು ಕಂಡು ನನಗೆ ಹೇಳದೆ ಅವರೂ ನನ್ನ ಡಬ್ಬಿಯಿಂದ ದಿನಕ್ಕೊಂದು ತೆಗೆದುಕೊಳ್ಳತೊಡಗಿದ್ದರು. ತಿಂಗಳೊಳಗೆ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಮೊಣಕೈಯಲ್ಲಿ ಏಟಿಲ್ಲದೆ ಮೂಡಿದ ನೀಲಿ ಕಲೆ. ಡಾಕ್ಟರು ‘ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿದರೆ ಇವರು ‘ಏನಿಲ್ಲ’ ಎಂದರು. ಎರಡನೆಯ ಸಲ ಕೇಳಿದಾಗ ‘ಅರಿಶಿನ ಅಷ್ಟೇ’ ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಕರ್ಕ್ಯುಮಿನ್ ಇಂತಹ ಔಷಧದ ಪ್ರಭಾವವನ್ನು ಹೆಚ್ಚಿಸಬಹುದು. ಪೈಪರಿನ್ ಬೇರೆ ಔಷಧಗಳೂ ರಕ್ತಕ್ಕೆ ಹೆಚ್ಚು ಸೇರುವಂತೆ ಮಾಡಬಲ್ಲದು ಎಂದು ವಿವರಿಸಿದರು. ಕ್ಯಾಪ್ಸೂಲ್ ಬಿಡಿಸಿ ರಕ್ತಪರೀಕ್ಷೆ ಮಾಡಿಸಿದರು, ಕ್ರಮೇಣ ಸರಿಹೋಯಿತು. ಮನೆಗೆ ಬಂದು ಡಬ್ಬಿಯನ್ನು ಸುತ್ತ ತಿರುಗಿಸಿ ಓದಿದೆ. ಈ ಎಚ್ಚರಿಕೆ ಎಲ್ಲಿಯೂ ಇರಲಿಲ್ಲ. ಎರಡು ವರ್ಷ ಹಣ ಕೊಟ್ಟವಳಾಗಿ ನನ್ನ ದೊಡ್ಡ ದೂರು ಇದೇ.

ಪಿತ್ತಕೋಶದಲ್ಲಿ ಕಲ್ಲು ಇರುವವರೂ ಇದರ ತಂಟೆಗೆ ಹೋಗಬಾರದು. ಅರಿಶಿನದ ಸಾರದ ಮಾತ್ರೆ ತೆಗೆದುಕೊಂಡ ಕೆಲವರಿಗೆ ಪಿತ್ತಜನಕಾಂಗ ಊದಿಕೊಂಡ ಪ್ರಕರಣಗಳನ್ನು ಇಟಲಿಯ ಸರ್ಕಾರ 2019ರಲ್ಲಿ ಪ್ರಕಟಿಸಿತ್ತು. ಅದನ್ನು ತಿಳಿದ ಮೇಲೆ ನಾನು ಆರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಮಾಡಿಸುತ್ತೇನೆ, ಈವರೆಗೆ ಸರಿಯಾಗಿದೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೂರೂ ಮಂಡಿಗಾಗಿ. ಉಳಿದೆರಡನ್ನು ಕಿತ್ತುಕೊಂಡದ್ದು ಆ ಖಾಲಿ ಲೇಬಲ್. ಈಗ ಡಾಕ್ಟರು ಹೇಳಿದಂತೆ ದಿನಕ್ಕೆ ಒಂದೇ, ಅದೂ ಮಳೆಗಾಲದಲ್ಲಿ ಮತ್ತು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ. ಡಬ್ಬಿಯನ್ನು ಅಡುಗೆಮನೆಯ ಸಾಂಬಾರ ಪದಾರ್ಥಗಳ ಸಾಲಿನಿಂದ ತೆಗೆದು ಔಷಧಿಗಳ ಕಪಾಟಿಗೆ ಸೇರಿಸಿದ್ದೇನೆ. ನಮ್ಮ ಮನೆಯವರಿಗೆ ನಾಗರ ಪಂಚಮಿಯ ಅರಿಶಿನ ಎಲೆಯ ಕಡುಬು ಎಂದಿನಂತೆ ನಾಲ್ಕು.